ವೀರತನ ಮತ್ತು ಹುತಾತ್ಮತೆ: ವೀರಗಲ್ಲುಗಳು ಹೇಳುವ ಅರ್ಥ

ಅಪಾಯ ಎದುರಾದಾಗ ಬೆನ್ನು ತೋರಿಸದೆ ನಿಂತವನು ವೀರ, ತನ್ನವರಿಗಾಗಿ ಇಲ್ಲವೇ ತಾನು ನಂಬಿದ್ದಕ್ಕಾಗಿ ಪ್ರಾಣ ಕೊಟ್ಟವನು ಹುತಾತ್ಮ ಎಂಬುದು ರೂಢಿಯ ಅರ್ಥ. ಇದು ತಪ್ಪಲ್ಲ, ಆದರೆ ಸಾಲದು. ಓಡದೆ ನಿಂತ ದರೋಡೆಕೋರನಿಗೂ ಈ ವಿವರಣೆ ಹೊಂದುತ್ತದೆ, ನಂಬಿದ ಒಡೆಯನ ಹಿಂದೆಯೇ ಕತ್ತು ಕೊಯ್ದುಕೊಂಡ ಸೇವಕನಿಗೂ ಹೊಂದುತ್ತದೆ. ಯಾರ ಸಾವನ್ನು ವೀರಮರಣ ಎನ್ನಬೇಕು, ಹಾಗೆ ಎನ್ನುವ ಅಧಿಕಾರ ಯಾರದು, ಎಂದ ಮೇಲೆ ಬದುಕುಳಿದವರ ಹೊಣೆ ಏನು ಎಂಬ ಪ್ರಶ್ನೆಗಳಿಗೆ ಬರೀ ತರ್ಕದಿಂದ ಉತ್ತರ ಸಿಗುವುದಿಲ್ಲ. ಒಂದು ಸಮಾಜ ಶತಮಾನಗಳುದ್ದಕ್ಕೂ ತನ್ನ ಸತ್ತವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ನೋಡಬೇಕಾಗುತ್ತದೆ. ಈ ವಿಷಯದಲ್ಲಿ ಕರ್ನಾಟಕದಲ್ಲಿರುವಷ್ಟು ಲಿಖಿತ ಸಾಕ್ಷ್ಯ ಇರುವ ಪ್ರದೇಶಗಳು ಕಡಿಮೆ. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ಸಾವಿರಾರು ವೀರಗಲ್ಲುಗಳು ಆ ಸಾಕ್ಷ್ಯ. ಅವನ್ನು ಒಟ್ಟಿಗೆ ಓದಿದಾಗ ಕಾಣುವುದು ಇದು: ವೀರತನದ ಅಳತೆ ಸಾವಿನ ಭೀಕರತೆಯಲ್ಲಿಲ್ಲ, ಆ ಸಾವು ಯಾರನ್ನು ಕಾಯಿತು ಎಂಬುದರಲ್ಲಿದೆ, ಹುತಾತ್ಮತೆ ಸತ್ತವನ ಗುಣವಾಗಿರುವಷ್ಟೇ ಬದುಕಿರುವವರು ಒಪ್ಪಿಕೊಂಡ ಋಣವೂ ಆಗಿದೆ.

ವೀರಗಲ್ಲಿನ ರಚನೆಯನ್ನೇ ಮೊದಲು ನೋಡಬಹುದು. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಹೆಚ್ಚಾಗಿ ಒಂದೇ ದೃಶ್ಯವಿರುತ್ತದೆ: ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ನಿಂತ ವೀರ, ಸುತ್ತ ನಾಲ್ಕು ಸಾಲು ಬರಹ. ಕಲ್ಯಾಣದ ಚಾಲುಕ್ಯರು ಮತ್ತು ಹೊಯ್ಸಳರ ಕಾಲಕ್ಕೆ ಬಂದರೆ ಮೂರು ಪಟ್ಟಿಕೆಗಳ ವಿನ್ಯಾಸ ನೆಲೆಗೊಂಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಗುರಾಣಿಗೆ ಗುರಾಣಿ ತಾಗಿವೆ, ಬಾಣಗಳು ಎದೆಗೆ ನಟ್ಟಿವೆ, ಒಂದು ಬದಿಗೆ ಹಸುಗಳು ಸಾಲಾಗಿ ನಿಂತಿವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಲಿಂಗದ ಎದುರು ಕೈಮುಗಿದು ಕುಳಿತಿದ್ದಾನೆ. ಪಕ್ಕದಲ್ಲಿ ಪೂಜಾರಿ, ಇನ್ನೊಂದು ಕಡೆ ನಂದಿ, ತುದಿಯಲ್ಲಿ ಸೂರ್ಯ ಚಂದ್ರ. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನಬಿಂಬ. ಅಕ್ಷರ ಬಾರದ ರೈತನೂ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬಲ್ಲವನಾಗಿದ್ದ. ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಸ್ವರ್ಗ ಎಲ್ಲ ಕಲ್ಲುಗಳಲ್ಲೂ ಹೆಚ್ಚುಕಡಿಮೆ ಒಂದೇ, ಅಪ್ಸರೆಯರೂ ಒಂದೇ ಅಚ್ಚಿನವರು. ಕೆಳಗಿನ ಪಟ್ಟಿಕೆ ಮಾತ್ರ ಬದಲಾಗುತ್ತದೆ. ಹಸು ಇದೆಯೋ, ಹೆಣ್ಣುಮಕ್ಕಳಿದ್ದಾರೋ, ಹುಲಿಯೋ ಹಂದಿಯೋ ಎಂಬುದು ಅಲ್ಲಿ ತಿಳಿಯುತ್ತದೆ. ಶಿಲ್ಪಿ ತನ್ನ ವಿವರವನ್ನು ಸಾವಿನ ಕಾರಣಕ್ಕೆ ಮೀಸಲಿಟ್ಟಿದ್ದಾನೆ.

ಆ ಕಾರಣಗಳಿಗೆ ಶಾಸನಗಳು ಸ್ಪಷ್ಟವಾದ ಹೆಸರುಗಳನ್ನೇ ಇಟ್ಟಿವೆ. ದನ ಹೊಡೆದುಕೊಂಡು ಹೋಗುವ ದಾಳಿ ತುರುಗೊಳ್. ಊರು ಸುಲಿದು ಹಾಳುಮಾಡುವುದು ಊರಳಿವು. ಹೆಣ್ಣಿನ ಮಾನಕ್ಕೆ ಬಂದ ಕುತ್ತು ಪೆಣ್ಬುಯ್ಯಲ್. ಎಲ್ಲೆಗಾಗಿ ನಡೆದದ್ದು ಗಡಿಕಾಳಗ. ಇವುಗಳಲ್ಲಿ ತುರುಗೊಳ್ ಪದೇಪದೇ ಬರುತ್ತದೆ. ದನವೇ ಹಳ್ಳಿಯ ಸಂಪತ್ತಾಗಿದ್ದ ಕಾಲದಲ್ಲಿ ಹಿಂಡು ಹೋದರೆ ಉಳುಮೆ ಹೋಯಿತು, ಗೊಬ್ಬರ ಹೋಯಿತು, ಮಕ್ಕಳ ಹಾಲೂ ಹೋಯಿತು. ಪಕ್ಕದ ಸೀಮೆಯವರ ಮೇಲೆ ಹಗೆ ಸಾರುವವರು ಮೊದಲು ಕೈಹಾಕುತ್ತಿದ್ದದ್ದು ದನದ ಹಿಂಡಿಗೆ; ಮಹಾಭಾರತದ ವಿರಾಟಪರ್ವದ ಗೋಗ್ರಹಣದ ಕಥೆ ಕನ್ನಡಿಗರಿಗೆ ಅಷ್ಟು ಹತ್ತಿರವಾಗಲು ಇದೂ ಒಂದು ಕಾರಣವಿರಬೇಕು. ದಾಳಿ ನಡೆದಾಗ ಅರಸನ ಸೈನ್ಯ ದೂರದಲ್ಲಿರುತ್ತಿತ್ತು. ಬೆನ್ನಟ್ಟಿ ಹೋದವರು ಊರಿನವರೇ: ಗೌಡ, ಅವನ ತಮ್ಮ, ಆಳು, ದನ ಕಾಯುವವನು. ತುರುಗಳನ್ನು ಮರಳಿಸಿ ಸತ್ತ ಎಂಬರ್ಥದ ಮಾತು ನೂರಾರು ಕಲ್ಲುಗಳ ಮೇಲೆ ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಮರಳಿಸಿದ ಎಂಬುದು ಮೊದಲು, ಸತ್ತ ಎಂಬುದು ಆಮೇಲೆ. ಹಸು ಕೊಟ್ಟಿಗೆಗೆ ಬಂದಿತು, ತಂದವನು ಬರಲಿಲ್ಲ ಎಂಬುದನ್ನು ಊರು ಹೀಗೆ ದಾಖಲಿಸಿಕೊಂಡಿತು.

ಕಾಯುವಿಕೆಯೇ ವೀರತನದ ತಿರುಳು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಒಂದು ವಿಚಿತ್ರವಾದ, ಆದರೆ ಬಲವಾದ ಸಾಕ್ಷಿ. ಅದು ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಸೋಲಿಸಿದ್ದು, ಗಂಗ ಬೂತುಗ ಆ ರಾಜಾದಿತ್ಯನನ್ನು ಕೊಂದದ್ದು, ಬೂತುಗನ ಪರವಾಗಿ ಮಣಲೆರ ಎಂಬ ವೀರ ಮುಂದೆ ನಿಂತು ಕಾದಿದ್ದು ಎಲ್ಲವೂ ಅದರಲ್ಲಿದೆ. ದಕ್ಷಿಣ ಭಾರತದ ಇತಿಹಾಸದ ದಿಕ್ಕು ಬದಲಿಸಿದ ಯುದ್ಧ ಅದು. ಮೆಚ್ಚಿದ ಬೂತುಗ ಬೇಕಾದುದನ್ನು ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳ್ತೂರಿನ ಗುಡ್ಡದ ಬದಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿ ಎರಡೂ ಸತ್ತವು. ಕಲ್ಲಿನ ಮೇಲೆ ಕೆತ್ತಿರುವುದು ತಕ್ಕೋಲದ ಯುದ್ಧವನ್ನಲ್ಲ, ಆ ನಾಯಿ ಹಂದಿಗಳ ಹೋರಾಟವನ್ನು. ಚಲ್ಲೇಶ್ವರ ದೇವಾಲಯದ ಮುಂದೆ ಅದನ್ನು ನಿಲ್ಲಿಸಿ, ಊರ ಕೆರೆಯ ಕೆಳಗಿನ ಭೂಮಿಯನ್ನು ಅದರ ಹೆಸರಿಗೆ ಬಿಟ್ಟು, ಅಲ್ಲಿಯ ಗೊರವನು, ಎಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದು ವಿಧಿಸಲಾಯಿತು. ನಾಯಿಗೆ ಸ್ವರ್ಗದ ಆಸೆ ಇರಲಿಲ್ಲ, ಕೀರ್ತಿಯ ಲೆಕ್ಕಾಚಾರವೂ ಗೊತ್ತಿರಲಿಲ್ಲ. ಒಡೆಯನಿಗೂ ಮೃಗಕ್ಕೂ ನಡುವೆ ಅದು ನಿಂತಿತು, ಬಿಡಲಿಲ್ಲ. ಹತ್ತನೆಯ ಶತಮಾನದ ಜನ ಅಷ್ಟನ್ನೇ ಸಾಕೆಂದುಕೊಂಡರು.

ಭೂಮಿ ಬಿಟ್ಟರು ಎಂಬ ಮಾತು ಇಲ್ಲಿ ಪ್ರಾಸಂಗಿಕವಲ್ಲ, ಕೇಂದ್ರದ ಸಂಗತಿ. ಕನ್ನಡದ ಬಹು ಹಳೆಯ ಶಾಸನವೆಂದು ಹೆಸರಾದ, ಸುಮಾರು 450ರ ಹಲ್ಮಿಡಿ ಶಾಸನ ವಿಜಅರಸನೆಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಗ್ರಾಮಗಳನ್ನು ಬಾಳ್ಗಳ್ಚಾಗಿ, ಎಂದರೆ ಕತ್ತಿ ತೊಳೆದ ಗೌರವಕ್ಕಾಗಿ, ಕೊಟ್ಟದ್ದನ್ನು ಹೇಳುತ್ತದೆ. ಐದು ಶತಮಾನ ಕಳೆದ ಮೇಲೆ ಆತಕೂರಿನಲ್ಲಿ ಮಣಲೆರನಿಗೆ ಸಿಕ್ಕಿದ್ದೂ ಬಾಳ್ಗಳ್ಚೇ. ಬದುಕಿದ ವೀರನಿಗೆ ಇದಾದರೆ, ಸತ್ತವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಎಂದು ಹೊಲಗದ್ದೆ ಬಿಡುವ ಪದ್ಧತಿಯಿತ್ತು. ಹೆಂಡತಿ ಮಕ್ಕಳು ಉಣ್ಣುವುದಕ್ಕೆ ದಾರಿ, ಕಲ್ಲಿನ ಪೂಜೆಗೆ ಎಣ್ಣೆಬತ್ತಿಯ ಖರ್ಚು ಎರಡೂ ಅದರಿಂದ ನಡೆಯಬೇಕಿತ್ತು. ದತ್ತಿಯನ್ನು ಅಳಿದವರಿಗೆ ಕವಿಲೆ ಕೊಂದ ಪಾಪ ಎಂಬ ಶಾಪವಾಕ್ಯ ಕೊನೆಗೆ ಸೇರುತ್ತಿದ್ದದ್ದೂ ಆ ಭೂಮಿಯನ್ನು ಮುಂದಿನ ಪೀಳಿಗೆಯ ಬಲಿಷ್ಠರು ನುಂಗದಿರಲಿ ಎಂದೇ. ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಾಲಯದ ಬಳಿ ಇರುವ ಸುಮಾರು 890ರ ಚಿಕ್ಕ ವೀರಗಲ್ಲು ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತನೆಂದು ಹೇಳುತ್ತದೆ. ಕೋಟಿಗಟ್ಟಲೆ ಜನರ ಮಹಾನಗರದ ಹೆಸರು ಬರಹದಲ್ಲಿ ಸಿಗುವ ಬಹು ಹಳೆಯ ಸ್ಥಳಗಳಲ್ಲಿ ಇದು ಒಂದು. ಆ ಊರಿನ ಹೆಸರು ನಮಗೆ ಉಳಿದದ್ದು ಅರಸನ ಪ್ರಶಸ್ತಿಯಿಂದಲ್ಲ, ಅಲ್ಲಿ ಸತ್ತವನೊಬ್ಬನನ್ನು ಅವನ ಜನ ಮರೆಯದೆ ಇದ್ದುದರಿಂದ.

ಈ ವಾದಕ್ಕೆ ಮೊದಲ ಆಕ್ಷೇಪ ಬರುವುದು ಆ ಅಪ್ಸರೆಯರ ಪಟ್ಟಿಕೆಯಿಂದಲೇ. ಗೆದ್ದರೆ ಲಕ್ಷ್ಮಿ, ಸತ್ತರೆ ದೇವಕನ್ಯೆ, ಹೇಗೂ ಅಳಿಯುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕ ಅನೇಕ ವೀರಗಲ್ಲುಗಳ ಮೇಲಿದೆ. ಇದು ಬಡವರ ಮಕ್ಕಳನ್ನು ಯುದ್ಧಕ್ಕೆ ಹುರಿದುಂಬಿಸಲು ಅರಸರೂ ಪುರೋಹಿತರೂ ಕಟ್ಟಿದ ಆಮಿಷ, ವೀರತನವೆಂಬುದು ಆಳುವವರ ಅನುಕೂಲ ಎಂದು ಹೇಳುವವರಿದ್ದಾರೆ. ಇದರಲ್ಲಿ ನಿಜಾಂಶವಿದೆ. ಅರಸರಿಗೆ ಸಾಯಲು ಸಿದ್ಧರಾದವರು ಬೇಕಿತ್ತು, ಸ್ವರ್ಗದ ಮಾತು ಅದಕ್ಕೆ ಒದಗಿಬಂತು. ಆದರೆ ತುರುಗೊಳ್ ಕಲ್ಲುಗಳನ್ನು ಈ ವಿವರಣೆ ಮುಟ್ಟುವುದಿಲ್ಲ. ತನ್ನ ಊರಿನ ದನದ ಹಿಂದೆ ಓಡಿದವನಿಗೆ ಯಾವ ದಂಡನಾಯಕನೂ ಆಜ್ಞೆ ಕೊಟ್ಟಿರಲಿಲ್ಲ. ಆ ಗಳಿಗೆಯಲ್ಲಿ ಅವನನ್ನು ಎಬ್ಬಿಸಿದ್ದು ಕೊಟ್ಟಿಗೆ ಬರಿದಾಗುವ ಭಯ, ನೆರೆಯವರ ಕೂಗು. ಅಪ್ಸರೆಯರು ಬಂದದ್ದು ಅವನು ಸತ್ತ ಮೇಲೆ, ಕಲ್ಲು ಕೆತ್ತಿಸಿದವರ ಮನಸ್ಸಿನಿಂದ. ಸತ್ತವನಿಗೆ ಕೊಡಬಹುದಾದ್ದು ಇನ್ನೇನೂ ಉಳಿಯದಿದ್ದಾಗ ತಮ್ಮ ಕಲ್ಪನೆಗೆ ನಿಲುಕಿದ ಅತಿ ದೊಡ್ಡದನ್ನು ಬದುಕಿದವರು ಕೊಟ್ಟರು. ಅದನ್ನು ಆಮಿಷವೆನ್ನುವುದಕ್ಕಿಂತ ಕೃತಜ್ಞತೆ ಎನ್ನುವುದು ಸಾಕ್ಷ್ಯಕ್ಕೆ ಹೆಚ್ಚು ಹತ್ತಿರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಯಾರನ್ನೂ ಕಾಯದ ಸಾವುಗಳಿಗೂ ಕಲ್ಲುಗಳಿವೆಯಲ್ಲ? ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡ ಕಂಬ ಇದಕ್ಕೆ ಪ್ರಸಿದ್ಧ ನಿದರ್ಶನ. ಹೊಯ್ಸಳ ಅರಸ ಇಮ್ಮಡಿ ಬಲ್ಲಾಳ 1220ರ ಹೊತ್ತಿಗೆ ತೀರಿಕೊಂಡಾಗ ಅವನು ಮಗನಂತೆ ಬೆಳೆಸಿದ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಪ್ರತಿಜ್ಞೆ ತೊಟ್ಟ ಸಾವಿರ ವೀರರೊಂದಿಗೆ ಪ್ರಾಣ ಬಿಟ್ಟ. ಕಂಬದ ಸುತ್ತ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಶಿಲ್ಪವಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಒಂದೇ ಮನೆತನದವರು ತಲೆಮಾರುಗಳ ಉದ್ದಕ್ಕೆ ಹೊಯ್ಸಳ ಅರಸರ ಹಿಂದೆ ಹೀಗೆ ಸತ್ತುದನ್ನು ಹೇಳುತ್ತವೆ. ಬಾಗಿಸಿದ ಗಳುವಿಗೆ ಮುಡಿ ಕಟ್ಟಿ ತಲೆ ಹಾರಿಸಿಕೊಂಡವರ ಸಿಡಿತಲೆ ಕಲ್ಲುಗಳಿವೆ. ಕಂಬದಿಂದ ಹೊರಚಾಚಿದ ಬಳೆ ತೊಟ್ಟ ತೋಳಿನ, ಸಹಗಮನ ಮಾಡಿದ ಹೆಂಗಸರ ನೆನಪಿನ ಮಾಸ್ತಿಗಲ್ಲುಗಳಂತೂ ಊರೂರಲ್ಲಿವೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದ ದೇಕಬ್ಬೆಯ ಕಥೆ ಓದಿದವರ ಮನಸ್ಸು ಕಲಕುತ್ತದೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ಅರಸನ ಬಂಧುವೊಬ್ಬನನ್ನು ಕೊಂದ. ಅದಕ್ಕಾಗಿ ಚೋಳರ ಅಧಿಕಾರ ಅವನನ್ನು ಕೊಲ್ಲಿಸಿತು. ತಂದೆತಾಯಿ, ಬಂಧುಗಳು ಬೇಡವೆಂದು ಅಂಗಲಾಚಿದರೂ ಅವಳು ಕೊಂಡ ಹೊಕ್ಕಳು.

ಇವರ ಧೈರ್ಯವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಮಾತಿಗೆ ತಪ್ಪದಿರುವುದು ಆ ಕಾಲದ ಪರಮ ಮೌಲ್ಯವಾಗಿತ್ತು. ಒಡೆಯನೊಂದಿಗೇ ಸಾಯುವ ಪ್ರತಿಜ್ಞೆಯ ಗುರುತಾಗಿ ಎಡಗಾಲಿಗೆ ತೊಡರು ತೊಟ್ಟ ಗರುಡನಿಗೆ, ಎಂದರೆ ಅಂಥ ವೀರನಿಗೆ, ಬದುಕಿ ಉಳಿಯುವುದೇ ಸಾವಿಗಿಂತ ಕೆಟ್ಟದ್ದು. ಆದರೆ ಧೈರ್ಯವೂ ವೀರತನವೂ ಒಂದೇ ಅಲ್ಲ. ಕುವರ ಲಕ್ಷ್ಮನ ಸಾವಿನಿಂದ ಬಲ್ಲಾಳ ಏಳಲಿಲ್ಲ, ರಾಜ್ಯಕ್ಕೆ ಒಳ್ಳೆಯ ದಂಡನಾಯಕನೊಬ್ಬ ಇಲ್ಲವಾದ. ದೇಕಬ್ಬೆಯ ಚಿತೆಯಿಂದ ಏಚನಿಗೆ ನ್ಯಾಯ ಸಿಗಲಿಲ್ಲ, ಅವಳ ತಂದೆತಾಯಿಗೆ ದುಃಖ ಇಮ್ಮಡಿಯಾಯಿತು. ಕಲ್ಲು ನಿಂತಿದೆ ಎಂಬುದು ಒಂದು ಸಮಾಜ ಆ ಸಾವನ್ನು ಮೆಚ್ಚಿತು ಎಂಬುದಕ್ಕೆ ಮಾತ್ರ ಪುರಾವೆ. ಮೆಚ್ಚಿದ್ದು ಸರಿಯೇ ಎಂದು ಕೇಳುವ ಹಕ್ಕು ಓದುವವರಿಗಿದೆ. ಗೌರವದಿಂದ ಪ್ರಾಣ ಬಿಡುವ ಬೇರೊಂದು ದಾರಿಯನ್ನು ಅದೇ ನಾಡು ಬೇರೆಯಾಗಿಯೇ ಗುರುತಿಸಿಟ್ಟಿದೆ: ಅನೇಕ ಯುದ್ಧ ಗೆದ್ದ ಗಂಗ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ, ರಾಷ್ಟ್ರಕೂಟ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನವೆಂಬ ಜೈನ ವ್ರತದಿಂದ ದೇಹ ಬಿಟ್ಟರು. ಅಂಥವರ ನೆನಪಿಗೆ ನಿಷಿಧಿಗಲ್ಲು ಹುಟ್ಟಿತು. ಅದನ್ನು ಯಾರೂ ವೀರಗಲ್ಲು ಎನ್ನಲಿಲ್ಲ. ಸಾವುಗಳನ್ನು ಬೇರ್ಪಡಿಸಿ ನೋಡುವ ವಿವೇಕ ಹಿಂದಿನವರಿಗೂ ಇತ್ತು. ನಾವು ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು.

ಬ್ರಿಟಿಷರ ಆಳ್ವಿಕೆ ಬಂದ ಮೇಲೆ ವೀರನ ಜೊತೆಗೆ ಹುತಾತ್ಮ ಎಂಬ ಕಲ್ಪನೆ ಗಟ್ಟಿಯಾಯಿತು. ಇಲ್ಲಿ ಸಾವು ರಣರಂಗದಲ್ಲಿ ಅಲ್ಲ, ನೇಣುಗಂಬದಲ್ಲಿ. ಕೊಲ್ಲುವವನ ಕೈಯಲ್ಲಿ ಕಾನೂನಿನ ಪುಸ್ತಕವಿದೆ, ಸಾಯುವವನನ್ನು ಅಪರಾಧಿ ಎಂದು ಬರೆಯಲಾಗುತ್ತದೆ. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ, ಎಂದರೆ ಊರ ಕಾವಲಿನ ಸೇವೆಗಾಗಿ ಭೂಮಿ ಅನುಭವಿಸುತ್ತಿದ್ದವನು. ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಆ ಹೊಲಗಳನ್ನು ಕಸಿದು, ಉಳಿದದ್ದಕ್ಕೆ ತೆರಿಗೆ ಹೇರಿತು. ಅವನ ದಂಡು ಸರ್ಕಾರಿ ಕಚೇರಿಗಳನ್ನು ಸುಟ್ಟಿತು, ಖಜಾನೆಗಳನ್ನು ಸುಲಿಯಿತು, ಸಾಲ ಮತ್ತು ಭೂಮಿಯ ಕಾಗದಪತ್ರಗಳನ್ನು ನಾಶಮಾಡಿತು. ಹಲ್ಮಿಡಿಯಿಂದ ನಡೆದುಬಂದ, ಸೇವೆಗೆ ಭೂಮಿ ಎಂಬ ಹಳೆಯ ಒಪ್ಪಂದವನ್ನು ಮುರಿದವರ ವಿರುದ್ಧದ ಸಿಟ್ಟು ಅದರಲ್ಲಿದೆ ಎಂದು ನೋಡಿದರೆ ರಾಯಣ್ಣ ಇನ್ನಷ್ಟು ಸ್ಪಷ್ಟವಾಗಿ ಅರ್ಥವಾಗುತ್ತಾನೆ. ತನ್ನವರ ದ್ರೋಹದಿಂದ ಸೆರೆಸಿಕ್ಕ ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ದಫ್ತರಿನಲ್ಲಿ ಅವನು ದಂಗೆಕೋರ. ಜನ ಮಾಡಿದ್ದು ಬೇರೆ: ನಂದಗಡದ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಮುಧೋಳ ಸೀಮೆಯ ಹಲಗಲಿಯಲ್ಲಿ 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಗೆ ಬಗ್ಗದ ಬೇಡರ ಊರನ್ನೇ ಸುಟ್ಟು 19 ಜನರನ್ನು ನೇಣಿಗೆ ಹಾಕಿದಾಗ ಕಲ್ಲು ನಿಲ್ಲಿಸುವವರೂ ಉಳಿದಿರಲಿಲ್ಲ. ಲಾವಣಿಕಾರರು ಆ ಕೆಲಸವನ್ನು ಹಾಡಿನಲ್ಲಿ ಮಾಡಿದರು. ನ್ಯಾಯಾಲಯದ ತೀರ್ಪಿನ ಎದುರು ಜನರು ಕೊಡುವ ತೀರ್ಪೇ ಹುತಾತ್ಮತೆ. ಅದಕ್ಕೆ ಮೊಹರು ಇರುವುದಿಲ್ಲ, ಮೇಲ್ಮನವಿಯೂ ಇಲ್ಲ.

ಜನರ ತೀರ್ಪು ಯಾವಾಗಲೂ ಸರಿಯೇ? ಶಿಕಾರಿಪುರ ತಾಲ್ಲೂಕಿನ ಈಸೂರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಿಡುವುದಿಲ್ಲ. 1942ರಲ್ಲಿ ಆ ಹಳ್ಳಿ ತಾನು ಸ್ವತಂತ್ರವೆಂದು ಸಾರಿ, ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಊರಿಗೆ ಬಂದಾಗ ಘರ್ಷಣೆ ನಡೆದು ಇಬ್ಬರೂ ಗುಂಪಿನ ಕೈಯಲ್ಲಿ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು. ನಾಡು ಐವರನ್ನು ಹುತಾತ್ಮರೆಂದು ಸ್ಮರಿಸುತ್ತದೆ, ಅದು ನ್ಯಾಯವೇ. ಅವರು ಒಂದು ಹಳ್ಳಿಯ ಸ್ವಾತಂತ್ರ್ಯಕ್ಕಾಗಿ ಸತ್ತರು, ಊರು ಅನುಭವಿಸಿದ ಪೊಲೀಸ್ ದಬ್ಬಾಳಿಕೆ ಸಣ್ಣದಲ್ಲ. ಹಾಗೆಂದು ಆ ಇಬ್ಬರು ಅಧಿಕಾರಿಗಳ ಸಾವನ್ನು ಮುಚ್ಚಿಡಬೇಕಾಗಿಲ್ಲ. ಅವರೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. ಹುತಾತ್ಮನ ಘನತೆ ಅವನು ಕೊಟ್ಟ ಪ್ರಾಣದಿಂದ ಬರುತ್ತದೆ, ತೆಗೆದ ಪ್ರಾಣದಿಂದಲ್ಲ. ಈ ಭೇದವನ್ನು ಉಳಿಸಿಕೊಂಡರೆ ಈಸೂರಿನ ಐವರ ಗೌರವಕ್ಕೆ ಎಳ್ಳಷ್ಟೂ ಕುಂದಿಲ್ಲ. ಕಳೆದುಕೊಂಡರೆ ಕೊಂದವನೆಲ್ಲ ವೀರನೆನಿಸಿಕೊಳ್ಳುತ್ತಾನೆ, ಆ ಹಾದಿ ಎಲ್ಲಿಗೆ ಹೋಗುತ್ತದೆಂದು ಜಗತ್ತು ಕಂಡಿದೆ.

ಸ್ವತಂತ್ರ ಭಾರತದಲ್ಲಿ ಹಳೆಯ ಅರ್ಥ ಶುದ್ಧವಾಗಿ ಕಾಣುವುದು ಚಾಮರಾಜನಗರ ಜಿಲ್ಲೆಯ ಗೋಪಿನಾಥಂನಲ್ಲಿ. ಕಾಡುಗಳ್ಳ ವೀರಪ್ಪನ್‌ನ ಹುಟ್ಟೂರಾದ ಅಲ್ಲಿಗೆ ಬಂದ ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಜನರಿಗೆ ಚಿಕಿತ್ಸೆ, ಮನೆ ಒದಗಿಸಲು ದುಡಿದರು, ಊರಿನವರೊಂದಿಗೆ ಮಾರಿಯಮ್ಮನ ಗುಡಿ ಕಟ್ಟಿಸಿದರು, ಹಿಂಸೆಯಿಲ್ಲದೆ ಆ ಕಾಡನ್ನು ಮರಳಿ ಪಡೆಯಬಹುದೆಂದು ನಂಬಿದರು. ಶರಣಾಗುತ್ತೇನೆಂಬ ವೀರಪ್ಪನ್‌ನ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ಕೊಂದು ತಲೆ ಕಡಿಯಲಾಯಿತು. ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನವರು ಅವರ ಭಾವಚಿತ್ರವನ್ನು ಮಾರಿಯಮ್ಮನ ಗುಡಿಯೊಳಗೆ ಇಟ್ಟುಕೊಂಡರು. ನಂಬಿ ಹೋದದ್ದು ತಪ್ಪು ಲೆಕ್ಕವಾಗಿತ್ತೆಂದು ಹೇಳುವವರಿಗೆ ಉತ್ತರ ಇಷ್ಟೇ: ತುರುವಿನ ಬೆನ್ನಟ್ಟಿದವನ ಲೆಕ್ಕವೂ ಅನೇಕ ಸಲ ತಪ್ಪಿತ್ತು, ಊರು ಅದನ್ನು ಕೇಳಲಿಲ್ಲ.

ಇಂದಿನ ಬಳಕೆಯಲ್ಲಿ ಪದವೂ ಋಣವೂ ಬೇರೆಯಾಗಿವೆ. ಭಾರತದ ಸೇನೆಯಲ್ಲಾಗಲಿ ಪೊಲೀಸ್ ಪಡೆಗಳಲ್ಲಾಗಲಿ ಹುತಾತ್ಮ ಎಂಬ ಪದಕ್ಕೆ ಅಧಿಕೃತ ಸ್ಥಾನವಿಲ್ಲವೆಂದು ಕೇಂದ್ರ ಸರ್ಕಾರ 2017ರಲ್ಲಿ ಕೇಂದ್ರ ಮಾಹಿತಿ ಆಯೋಗಕ್ಕೆ ತಿಳಿಸಿತು. ಸೇನೆಯ ಕಡತದಲ್ಲಿರುವುದು ಬ್ಯಾಟಲ್ ಕ್ಯಾಷುಯಲ್ಟಿ ಎಂಬ ಒಣ ಪದ. ಅನೇಕರಿಗೆ ಇದು ಅವಮಾನವೆನಿಸಿತು. ಆದರೆ ಅದೇ ಕಡತ ಮಡಿದ ಸೈನಿಕನ ಹೆಂಡತಿಗೆ ಅವನ ಕೊನೆಯ ಸಂಬಳಕ್ಕೆ ಸಮನಾದ ಕುಟುಂಬ ಪಿಂಚಣಿ ಕೊಡುತ್ತದೆ. ಹೆಸರಿಲ್ಲದೆಯೂ ನೆತ್ತರುಗೊಡಗೆ ಅಲ್ಲಿ ಬದುಕಿದೆ. ಹೆಸರು ಮಾತ್ರ ಕೊಟ್ಟು ಋಣ ಮರೆಯುವುದು ಇದಕ್ಕಿಂತ ಕೆಟ್ಟದ್ದು. 2020ರಲ್ಲಿ ಕೊರೊನಾ ಬಂದಾಗ ಮನೆಮನೆಗೆ ಹೋಗಿ ಸೋಂಕಿತರನ್ನು ಹುಡುಕಿದ ಆಶಾ ಕಾರ್ಯಕರ್ತೆಯರನ್ನು ವೇದಿಕೆಗಳಲ್ಲಿ ಕೊರೊನಾ ಯೋಧರು ಎಂದು ಕರೆಯಲಾಯಿತು, ಜನ ಚಪ್ಪಾಳೆ ತಟ್ಟಿದರು, ಸತ್ತರೆ 50 ಲಕ್ಷ ರೂಪಾಯಿಯ ವಿಮೆಯನ್ನೂ ಘೋಷಿಸಲಾಯಿತು. ಬದುಕಿದ್ದವರ ಪಾಲಿಗೆ ಬಂದದ್ದು ಕೆಲವೇ ಸಾವಿರ ರೂಪಾಯಿಯ ಗೌರವಧನ. ಅದೇ ವರ್ಷ ಜುಲೈನಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಗದಿ ಮಾಡಿ, ಮುಖಗವಸು ಕೈಗವಸು ಕೊಡಿ ಎಂದು ಕೇಳುತ್ತಾ ಕೆಲಸ ನಿಲ್ಲಿಸಬೇಕಾಯಿತು.